ಪೆನ್ಸಿಲಿನ್ ಆಗಲ್ಲ

ಮೈದಾ ಚೀಲದ ಬಟ್ಟೆ ಒಗೆದಷ್ಟೂ ಮೆತ್ತಗಾಗುತ್ತದೆ, ಅದರ ಮೇಲಿನ ಅಕ್ಷರ ಮಾತ್ರ ಹೋಗುವುದಿಲ್ಲ. ಇದು ನನಗೆ ತಿಳಿದದ್ದು ಮದುವೆಯಾಗಿ ಮುಂಬಯಿಗೆ ಬಂದ ಮೇಲೆ, ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ. ನಾವಿದ್ದದ್ದು ಜೋಗೇಶ್ವರಿಯ ಒಂದು ಬಿಲ್ಡಿಂಗಿನ ಎರಡನೆಯ ಮಹಡಿ. ನಮ್ಮ ಯಜಮಾನರು ಸ್ಟೇಷನ್ನಿನ ಆಚೆ ಬದಿಯ ಸಣ್ಣ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಮಗಳಿನ್ನೂ ಮೊಣಕಾಲುದ್ದ. ನಾನು ತುಮಕೂರು ಕಡೆಯ ಮೇಷ್ಟ್ರ ಮಗಳು, ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸು. ಈ ಫಸ್ಟ್ ಕ್ಲಾಸಿನ ವಿಷಯ ಯಾರೂ ಕೇಳದಿದ್ದರೂ ನಾನೇ ಹೇಳುತ್ತಿದ್ದೆ.

ಪಕ್ಕದ ಮನೆಯವರು ಉಡುಪಿ ಕಡೆಯವರು. ಗ್ರಾಂಟ್ ರೋಡಿನಲ್ಲಿ ಅವರ ಹೋಟೆಲು. ಆ ಮನೆಯಾಕೆಯನ್ನು ನಾನು ಅಕ್ಕ ಎನ್ನುತ್ತಿದ್ದೆ. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು, ಗಾತ್ರದಲ್ಲಿ ನನ್ನ ಎರಡರಷ್ಟು, ಕೈತುಂಬ ಚಿನ್ನದ ಬಳೆ, ಗಂಟಲು ಮೂರನೆಯ ಮಹಡಿಗೂ ಕೇಳುವಂಥದು. ಮನೆಯೊಳಗೆ ತುಳು, ನನ್ನೊಡನೆ ಕನ್ನಡ, ತರಕಾರಿಯವಳೊಡನೆ ಮರಾಠಿ, ಮಿಕ್ಕ ಲೋಕದೊಡನೆ ಹಿಂದಿ. "ನನ್ನ ಹಿಂದಿ ಕೇಳಿದ್ರೆ ರಿಕ್ಷಾದವನು ಮೀಟರ್ ಸರಿ ಮಾಡ್ತಾನೆ ಗೊತ್ತುಂಟಾ" ಎನ್ನುತ್ತಿದ್ದರು. ಬಿಲ್ಡಿಂಗಿನ ಕನ್ನಡದ ಹೆಂಗಸರಿಗೆಲ್ಲ ಆಸ್ಪತ್ರೆಗೋ ರೇಷನ್ ಆಫೀಸಿಗೋ ಹೋಗಬೇಕಾದರೆ ಅಕ್ಕನೇ ಬಾಯಿ. ನನಗಂತೂ ಹಿಂದಿ ಅರ್ಥವಾಗುತ್ತಿತ್ತು, ನಾಲಗೆಗೆ ಬರುತ್ತಿರಲಿಲ್ಲ. ತಪ್ಪು ಮಾತಾಡಿ ನಗೆಪಾಟಲಾಗುವುದಕ್ಕಿಂತ ಸುಮ್ಮನಿರುವುದೇ ಮರ್ಯಾದೆ ಎಂದುಕೊಂಡು ಮೂರು ವರ್ಷ ಬೆರಳು ತೋರಿಸಿಯೇ ಸಾಮಾನು ಕೊಂಡವಳು ನಾನು.

ಇನ್ನು ಲಂಗದ ವಿಷಯ. ಊರಿಂದ ತಂದ ಲಂಗಗಳೆಲ್ಲ ಜಾಳಾಗಿ ಹರಿದವು. ಸ್ಟವ್ವಿನ ಬತ್ತಿ, ಮಗಳ ಚಪ್ಪಲಿ, ಏನು ಬೇಕಾದರೂ ಯಜಮಾನರ ಹತ್ತಿರ ಬಾಯಿಬಿಟ್ಟು ಕೇಳುತ್ತಿದ್ದೆ. ಲಂಗ ಎಂಬ ಮಾತು ಮಾತ್ರ ಗಂಟಲಲ್ಲೇ ನಿಲ್ಲುತ್ತಿತ್ತು. ಕೇಳಿದ್ದರೆ ಅವರು, ಹೋಗಿ ತಗೊಂಡು ಬಾ ಎನ್ನುತ್ತಿದ್ದರು. ಆದರೆ ಸ್ಟೇಷನ್ ರಸ್ತೆಯ ಆ ಅಂಗಡಿಯಲ್ಲಿ ಮೀಸೆ ಚಿಗುರಿದ ಗಂಡಸರು ಲಂಗಗಳನ್ನು ಒಂದೊಂದಾಗಿ ಕೊಡವಿ, ಸೊಂಟದ ಸುತ್ತಳತೆ ಎಷ್ಟು ಎಂದು ರಸ್ತೆಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದರು. ಆ ಮೆಟ್ಟಿಲು ಹತ್ತಲು ನನ್ನಿಂದಾಗಲಿಲ್ಲ. ಅಕ್ಕನ ಹೋಟೆಲಿಗೆ ಮೈದಾ ಬಟ್ಟೆಯ ಚೀಲದಲ್ಲಿ ಬರುತ್ತಿದ್ದದ್ದು ಗೊತ್ತಿತ್ತು. ಒಂದು ದಿನ ಹೋಗಿ, "ಸಂಡಿಗೆ ಒಣಗಿಸಕ್ಕೆ ಎರಡು ಚೀಲ ಸಿಗುತ್ತಾ ಅಕ್ಕ?" ಎಂದೆ. ಕೊಟ್ಟರು. ಬಿಚ್ಚಿ, ಕೈಯಲ್ಲೇ ಹೊಲಿದು ಲಂಗ ಮಾಡಿಕೊಂಡೆ. ಎರಡು ಚೀಲದ ಬಟ್ಟೆ ಸರಿಯಾಗಿ ನನ್ನ ಸುತ್ತಿಗೇ ಮುಗಿದುಹೋಯಿತು, ಅಕ್ಷರದ ಭಾಗ ಕತ್ತರಿಸಿ ಹಾಕುವಷ್ಟು ಉಳಿಯಲಿಲ್ಲ. ಹೇಗೆ ತಿರುಗಿಸಿದರೂ ಅದು ಹಿಂಭಾಗಕ್ಕೇ ಬಂತು. ದಪ್ಪ ಕೆಂಪು ಇಂಗ್ಲಿಷ್ ಅಕ್ಷರದಲ್ಲಿ ಸೂಪರ್‌ಫೈನ್ ಮೈದಾ, ಅದರ ಕೆಳಗೆ ನೆಟ್ ತೊಂಬತ್ತು ಕೆ.ಜಿ. ನಾನು ಅದರ ಅರ್ಧ ತೂಕವೂ ಇರಲಿಲ್ಲ.

ಸೋಡಾ ಹಾಕಿ ಕುದಿಸಿದೆ, ನಿಂಬೆಹಣ್ಣು ಉಜ್ಜಿದೆ, ಬಿಸಿಲಿಗೆ ಹಾಕಿದೆ. ಕೆಂಪು ಹೋಗಿ ಗುಲಾಬಿಯಾಯಿತು, ಅಲ್ಲಿಗೆ ನಿಂತಿತು. ಸೀರೆ ಉಟ್ಟರೆ ಯಾರಿಗೆ ಕಾಣುತ್ತದೆ ಎಂದು ಸಮಾಧಾನ ಮಾಡಿಕೊಂಡು ಉಡತೊಡಗಿದೆ. ಒಣಗಿಸುವುದು ಅಡುಗೆಮನೆಯೊಳಗೆ, ಮೇಲೊಂದು ಟವಲು ಮುಚ್ಚಿ. ಅಕ್ಕ ಸಿಕ್ಕಾಗಲೆಲ್ಲ, "ಸಂಡಿಗೆ ಆಯ್ತಾ?" ಎಂದು ಕೇಳಿ ಪ್ರಾಣ ತಿಂದಾಗ, ಸುಳ್ಳು ಉಳಿಸಿಕೊಳ್ಳಲು ಹಳೇ ಸೀರೆಯ ಮೇಲೆ ನಿಜವಾಗಿಯೂ ಸಂಡಿಗೆ ಇಟ್ಟು, ಕರಿದು, ಒಂದು ತಟ್ಟೆ ಕೊಟ್ಟು ಬಂದೆ. "ನಿಮ್ಮ ಕಡೆಯ ಸಂಡಿಗೆ ಒಳ್ಳೆಯದುಂಟು" ಎಂದು ಮತ್ತೆರಡು ಚೀಲ ಕೊಟ್ಟರು. ಹಾಗಾಗಿ ಎರಡನೆಯ ಲಂಗವೂ ಆಯಿತು.

ಆ ವರ್ಷದ ಮಳೆಗಾಲದಲ್ಲಿ ಯಜಮಾನರು ಮಷೀನು ಕೂರಿಸುವ ಕೆಲಸಕ್ಕೆ ಗುಜರಾತಿನ ಕಡೆ ಹೋಗಿದ್ದರು. ನನಗೆ ನೆಗಡಿಯಾಯಿತು. ನೆಗಡಿ ತಾನೇ ಎಂದು ಶುಂಠಿ ಕಷಾಯ ಕುಡಿದೆ, ತಲೆಗೆ ಬಟ್ಟೆ ಕಟ್ಟಿಕೊಂಡೆ. ಆಮೇಲೆ ಚಳಿ ಬಂತು ನೋಡಿ, ಹಲ್ಲು ಕಟಕಟ ಎನ್ನುವಂಥ ಚಳಿ. ಮೂಲೆಯ ದವಾಖಾನೆಯವರು ಕೆಂಪು ನೀರಿನ ಔಷಧಿ ಕೊಟ್ಟು ಕಳಿಸಿದರು. ಮರುದಿನ ಉಸಿರೆಳೆದರೆ ಬಲಪಕ್ಕೆಗೆ ಯಾರೋ ಚಾಕು ಹಾಕಿದ ಹಾಗೆ. ಕೆಮ್ಮಿದರೆ ಕಫದಲ್ಲಿ ಇಟ್ಟಿಗೆ ಬಣ್ಣ. ಮಗಳು ಹಸಿವೆಂದು ಸೆರಗು ಎಳೆಯುತ್ತಿದ್ದಳು, ನನಗೆ ಏಳಲಾಗುತ್ತಿರಲಿಲ್ಲ. ಅವಳ ಅಳು ಕೇಳಿ ಬಂದ ಅಕ್ಕ ನನ್ನ ಹಣೆ ಮುಟ್ಟಿದವರೇ, "ಇದೆಂತದು ಮಾರಾಯ್ರೆ, ದೋಸೆ ಹೊಯ್ಯಬಹುದು ಇದರ ಮೇಲೆ. ನೆರೆಮನೆ ಅಂತ ಒಂದು ಇರುವುದು ಗೊತ್ತಿಲ್ವಾ ನಿಮಗೆ?" ಎಂದು ಬೈದರು. ಮಗಳನ್ನು ತಮ್ಮ ಅತ್ತೆಯ ಹತ್ತಿರ ಬಿಟ್ಟು, ಒಂದು ಸೀರೆ ನನ್ನ ಮೈಗೆ ಸುತ್ತಿ, ರಿಕ್ಷಾದಲ್ಲಿ ಮುನ್ಸಿಪಾಲಿಟಿ ಆಸ್ಪತ್ರೆಗೆ ಕರೆದೊಯ್ದರು. ಸೀರೆಯ ಒಳಗೆ ಇದ್ದದ್ದು ಅದೇ ಲಂಗ. ಆ ಸ್ಥಿತಿಯಲ್ಲೂ ನನಗೆ ಅದು ನೆನಪಿತ್ತು.

ಎಕ್ಸ್‌ರೇ ತೆಗೆದರು. ಬಲಗಡೆ ನ್ಯುಮೋನಿಯಾ ಎಂದರು. ಹೆಂಗಸರ ವಾರ್ಡಿನಲ್ಲಿ ಕಿಟಕಿಯ ಪಕ್ಕ ಒಂದು ಮಂಚ ಸಿಕ್ಕಿದ್ದು ಅಕ್ಕನ ಗಂಟಲಿನಿಂದಾಗಿ. ಇಲ್ಲದಿದ್ದರೆ ನೆಲವೇ ಗತಿ. ಮಂಚಕ್ಕೂ ಮಂಚಕ್ಕೂ ಮಧ್ಯೆ ಹಾಸಿಗೆ, ಹಾಸಿಗೆಯ ಪಕ್ಕ ಸಂಬಂಧಿಕರು, ನೆಲ ಒರೆಸುವ ಗಂಡಸು, ಚಹಾ ಮಾರುವವನು. ನನ್ನ ಎದುರು ಮಂಚದ ಮುದುಕಿಯನ್ನು ಆಗ ತಾನೇ ಸಿಸ್ಟರ್ ಮಗ್ಗುಲು ತಿರುಗಿಸಿ, ಲಂಗದ ಲಾಡಿ ಸಡಿಲಿಸಿ, ಸೊಂಟದ ಕೆಳಗೆ ಇಂಜೆಕ್ಷನ್ ಚುಚ್ಚಿದಳು. ಪರದೆ ಗಿರದೆ ಏನೂ ಇಲ್ಲ. ಚಹಾದವನು ಅಲ್ಲೇ ನಿಂತು ಚಿಲ್ಲರೆ ಹುಡುಕುತ್ತಿದ್ದ. ನನ್ನ ಕಣ್ಣೆಲ್ಲ ಆ ಮುದುಕಿಯ ಮೇಲೇ ಇತ್ತು.

ಆಗ ಹುಡುಗು ಮುಖದ ಒಬ್ಬ ಡಾಕ್ಟರು ಬಂದರು. ಈ ಕಾಯಿಲೆಯಲ್ಲಿ ಮದ್ದು ಬೇಗ ಬಿದ್ದಷ್ಟೂ ಒಳ್ಳೆಯದು, ಈಗಲೇ ಪೆನ್ಸಿಲಿನ್ ಶುರು ಮಾಡುತ್ತೇವೆ, ಮೊದಲು ಕೈಗೆ ಚುಕ್ಕೆಯಷ್ಟು ಚುಚ್ಚಿ ನೋಡಿ ಆಮೇಲೆ ಸೊಂಟಕ್ಕೆ ಎಂದು ಅಕ್ಕನಿಗೆ ಹಿಂದಿಯಲ್ಲಿ ಹೇಳಿ, "ಇನ್ ಕೋ ಕಿಸೀ ದವಾಯೀ ಸೇ ರಿಯಾಕ್ಷನ್ ಹೋತಾ ಹೈ ಕ್ಯಾ?" ಎಂದು ಕೇಳಿದರು.

ಅಕ್ಕ ನನ್ನ ಕಿವಿಯ ಹತ್ತಿರ ಬಗ್ಗಿ, "ಯಾವುದಾದ್ರೂ ಮದ್ದು ನಿಮಗೆ ಆಗುವುದಿಲ್ವಾ ಅಂತ ಕೇಳ್ತಾರೆ" ಎಂದರು.

ನಮ್ಮ ಭಾಷೆಯಲ್ಲಿ ಈ 'ಆಗಲ್ಲ' ಎನ್ನುವುದು ಎಲ್ಲದಕ್ಕೂ ಆಗುತ್ತದೆ. ಬದನೆಕಾಯಿ ಮೈಗೆ ಆಗಲ್ಲ, ಮೆಟ್ಟಿಲು ಹತ್ತಲು ಆಗಲ್ಲ, ನಾದಿನಿ ಕಂಡರೆ ಆಗಲ್ಲ. ನಾನು ಸೊಂಟದ ಮಾತು ಕೇಳಿ ಹೆದರಿದ್ದೆ. "ಇಂಜೆಕ್ಷನ್ ಆಗಲ್ಲ ಅಕ್ಕ. ಪೆನ್ಸಿಲಿನ್ ಆಗಲ್ಲ ನಂಗೆ" ಎಂದೆ.

ಅಕ್ಕ ಸೆಟೆದು ನಿಂತು, "ಇಸ್ ಕೋ ಪೆನ್ಸಿಲಿನ್ ನಹೀ ಚಲ್ತಾ, ಡಾಕ್ಟರ್ ಸಾಬ್" ಎಂದರು.

ಟ್ರೇ ಹಿಡಿದು ಬರುತ್ತಿದ್ದ ಸಿಸ್ಟರನ್ನು ಡಾಕ್ಟರು ಕೈಯೆತ್ತಿ ನಿಲ್ಲಿಸಿಬಿಟ್ಟರು. ಮೊದಲು ಯಾವಾಗ ಆಗಿತ್ತು, ಏನಾಗಿತ್ತು, ಮೈ ಊದಿತ್ತೇ, ತುರಿಕೆ ಬಂದಿತ್ತೇ, ತಲೆಸುತ್ತಿ ಬಿದ್ದಿದ್ದರೇ ಎಂದು ಒಂದೇ ಸಮ ಕೇಳಿದರು. ಅಕ್ಕನಿಗೆ ಯಾವ ಪ್ರಶ್ನೆಗೂ ಗೊತ್ತಿಲ್ಲ ಎಂದು ಹೇಳಿ ಅಭ್ಯಾಸವಿರಲಿಲ್ಲ. ರೋಗಿಯ ಪರವಾಗಿ ಗಟ್ಟಿಯಾಗಿ ಹೇಳಿದಷ್ಟೂ ಒಳ್ಳೆಯದೆಂದು ಅವರ ನಂಬಿಕೆ. "ಹಾಂ, ಹಾಂ, ಸಬ್ ಹುವಾ ಥಾ" ಎಂದು ಎಲ್ಲವನ್ನೂ ಒಪ್ಪಿಬಿಟ್ಟರು.

ನನಗೆ ಅರ್ಥವಾಯಿತು. ಅರ್ಥವಾದರೂ ಕಣ್ಣು ಮುಚ್ಚಿಕೊಂಡೆ. ಸದ್ಯ, ಮಾನ ಉಳಿಯಿತು ಎನಿಸಿತು. ನನ್ನ ಜನ್ಮದಲ್ಲಿ ಪೆನ್ಸಿಲಿನ್ ಎಂಬುದನ್ನು ನಾನು ಕಂಡವಳೇ ಅಲ್ಲ.

ಬದಲಿಗೆ ಬೇರೆ ಮಾತ್ರೆ ತರಿಸಿಕೊಟ್ಟರು. ನುಂಗಿದೆ, ವಾಂತಿಯಾಯಿತು. ಮತ್ತೆ ಕೊಟ್ಟರು, ಮತ್ತೆ ವಾಂತಿ. ಬೇರೆ ಇಂಜೆಕ್ಷನ್ ಕೊಡಬೇಕಾದರೆ ದೊಡ್ಡ ಡಾಕ್ಟರು ನೋಡಿ ಹೇಳಬೇಕು, ಅವರು ಆಪರೇಷನ್ನಿನ ಯಾವುದೋ ರೋಗಿಯನ್ನು ನೋಡಲು ಹೋಗಿದ್ದಾರೆ, ಬರುತ್ತಾರೆ ಎಂದರು. ಮಧ್ಯಾಹ್ನ ಹೋಯಿತು. ಮೂಗಿಗೆ ಆಮ್ಲಜನಕದ ನಳಿಗೆ ಸಿಕ್ಕಿಸಿದರು. ಉಸಿರು ಎಳೆದಷ್ಟೂ ಸಾಲದು. ಹುಡುಗು ಮುಖದ ಡಾಕ್ಟರು ಮತ್ತೆ ಮತ್ತೆ ಬಂದು ನಾಡಿ ಹಿಡಿದು ನೋಡಿ, ಬಾಗಿಲ ಕಡೆ ನೋಡಿ, ಹೋಗುತ್ತಿದ್ದರು. ಪಾಪ, ಅವರಿಗೆ ಅನ್ನ ನೀರು ಇಳಿದಿತ್ತೋ ಇಲ್ಲವೋ.

ಸಂಜೆ ನೋಡಲು ಬರುವವರ ಹೊತ್ತು. ವಾರ್ಡು ತುಂಬಿತು. ಮನೆಗೆ ಹೋಗಿ ಗಂಜಿ ತಂದಿದ್ದ ಅಕ್ಕ ನನ್ನ ಮುಖ ನೋಡಿ ಪಾತ್ರೆಯನ್ನು ನೆಲದ ಮೇಲಿಟ್ಟರು. "ತುಟಿ ಎಂತ ಹೀಗೆ ನೀಲಿ ಆಗಿದೆ?" ಎಂದು ಡಾಕ್ಟರ ಹತ್ತಿರ ಹೋಗಿ ಮಾತಾಡಿ ಬಂದರು. ಬಂದಾಗ ಅವರ ಗಂಟಲು ಸಣ್ಣದಾಗಿತ್ತು.

"ಪೆನ್ಸಿಲಿನ್ ಕೊಡ್ಲಿಕ್ಕೆ ಆಗಿದ್ರೆ ಬೆಳಿಗ್ಗೆಯೇ ಶುರು ಮಾಡ್ತಿದ್ರಂತೆ. ನಿಮಗೆ ಅದು ಆಗುವುದಿಲ್ಲ ಅಂತಲೇ ಎಲ್ಲ ನಿಂತದ್ದು. ಇನ್ನೂ ತಡ ಆದ್ರೆ ಕಷ್ಟ ಅಂತಾರೆ. ನಿಮ್ಮ ಮನೆಯವರಿಗೆ ತಂತಿ ಕೊಡಿ ಅಂದ್ರು."

ತಂತಿ ಎಂದರೆ ಏನೆಂದು ನನಗೆ ಗೊತ್ತಿತ್ತು. ಆಗಲಾದರೂ ಬಾಯಿ ಬಿಡಬೇಕಿತ್ತು. ಸುತ್ತ ನೋಡಿದೆ. ಪ್ರತಿ ಮಂಚಕ್ಕೂ ನಾಲ್ಕು ಜನ. ಈ ಜನರ ಮುಂದೆಯೇ ಎಂದುಕೊಂಡು ಮತ್ತೆ ಬಾಯಿ ಮುಚ್ಚಿದೆ. ಇಂಥ ದರಿದ್ರ ಬುದ್ಧಿ ಶತ್ರುವಿಗೂ ಬೇಡ. ಸಾಯಲು ಸಿದ್ಧಳಾಗಿದ್ದೆ, ಲಂಗ ತೋರಿಸಲು ಸಿದ್ಧಳಿರಲಿಲ್ಲ.

ಆಮೇಲೆ ಒಂದು ಯೋಚನೆ ಬಂತು. ಜ್ವರದಲ್ಲಿ ಬಂದದ್ದಾದರೂ ನೆಟ್ಟಗಿನ ಯೋಚನೆ. ಸತ್ತರೆ ಹೆಣಕ್ಕೆ ಸ್ನಾನ ಮಾಡಿಸುತ್ತಾರೆ. ಸೀರೆ ಬಿಚ್ಚುತ್ತಾರೆ. ಬಿಲ್ಡಿಂಗಿನ ಹೆಂಗಸರೆಲ್ಲ ಸೇರಿರುತ್ತಾರೆ, ಊರಿಂದ ಅತ್ತೆ ಬಂದಿರುತ್ತಾರೆ. ಎಲ್ಲರೂ ಬಗ್ಗಿ ಓದುತ್ತಾರೆ. ಓದಲು ಬಾರದವರಿಗೆ ಓದಿದವರು ಹೇಳುತ್ತಾರೆ. ನನ್ನ ಮಗಳು ದೊಡ್ಡವಳಾದ ಮೇಲೆ ಅವಳಮ್ಮನ ಬಗ್ಗೆ ಅವಳಿಗೆ ಉಳಿಯುವುದು ಇದೊಂದೇ ಕತೆ. ಇಲ್ಲಿ ಸಿಸ್ಟರೊಬ್ಬಳು ನೋಡುವುದಕ್ಕೂ ಅಲ್ಲಿ ಅಷ್ಟು ಜನ ನೋಡುವುದಕ್ಕೂ ಲೆಕ್ಕ ಹಾಕಿದೆ. ಮಗಳ ಮೇಲಿನ ಪ್ರೀತಿಯಿಂದ ಬಾಯಿ ಬಿಟ್ಟೆ ಎಂದು ಬರೆಯಲು ಇಷ್ಟವೇ, ಆದರೆ ನನ್ನನ್ನು ಬದುಕಿಸಿದ್ದು ಇನ್ನೊಂದು ನಾಚಿಕೆ.

ಅಕ್ಕನ ಸೆರಗು ಹಿಡಿದೆಳೆದೆ. ಒಂದೊಂದೇ ಮಾತಿಗೆ ಉಸಿರು ತೆಗೆದುಕೊಂಡು, "ಪೆನ್ಸಿಲಿನ್ ಆಗುತ್ತೆ ಅಕ್ಕ. ಲಂಗ ಆಗಲ್ಲ" ಎಂದೆ.

"ಎಂತ ಹೇಳ್ತೀರಿ? ಜ್ವರ ತಲೆಗೆ ಏರಿತಾ?"

"ಸೊಂಟಕ್ಕೆ ಚುಚ್ತಾರಲ್ಲ... ಲಂಗ ನೋಡಿ."

ಅಕ್ಕ ಕಂಬಳಿಯ ಅಂಚೆತ್ತಿ, ಸೀರೆ ಸರಿಸಿ ನೋಡಿದರು. ನಾನು ಗೋಡೆಯ ಕಡೆ ಮುಖ ತಿರುಗಿಸಿದೆ. ಭೂಮಿ ಬಾಯಿಬಿಟ್ಟು ನುಂಗಬಾರದೇ ಎನ್ನುತ್ತಾರಲ್ಲ, ಅದು ಮಾತಿಗೆ ಹೇಳುವುದಲ್ಲ, ಹಾಗೇ ಅನಿಸುತ್ತದೆ. ಅಕ್ಕ ಸೀರೆ ಸರಿಮಾಡಿ, ಕಂಬಳಿ ಹೊದಿಸಿದರು.

"ಸಂಡಿಗೆ" ಎಂದರು. ಅಷ್ಟೇ.

ಆಮೇಲೆ ವಾರ್ಡಿನ ನಡುವಿನ ಮೇಜಿನ ಹತ್ತಿರ ಹೋದರು. ನಾನು ಮಲಗಿದಲ್ಲಿಗೆ ಎಲ್ಲ ಕೇಳುತ್ತಿತ್ತು. ಲಂಗದ ಮಾತು ಬಂದೀತೆಂದು ಕಿವಿ ನಿಮಿರಿಸಿಕೊಂಡಿದ್ದೆ. ಬರಲಿಲ್ಲ. "ಮೇರಾ ಗಲತೀ ಹೈ ಸಾಬ್. ಉಸ್ ಕೋ ಕುಛ್ ನಹೀ ಹುವಾ ಥಾ. ಮೇರೇ ಕೋ ಬರಾಬರ್ ಭಾಷಾ ನಹೀ ಆತಾ" ಎಂದರು. ಯಾರ ಹಿಂದಿಗೆ ರಿಕ್ಷಾದವರು ಹೆದರುತ್ತಿದ್ದರೋ ಅವರು, ತುಂಬಿದ ವಾರ್ಡಿನಲ್ಲಿ, ತಪ್ಪು ತನ್ನದು, ತನಗೆ ಭಾಷೆ ಬರುವುದಿಲ್ಲ ಎಂದರು.

ಆ ಡಾಕ್ಟರು ಬೈದ ಬೈಗುಳ ಸಣ್ಣದಲ್ಲ. ಬೆಳಿಗ್ಗೆಯಿಂದ ಹೊಟ್ಟೆಯಲ್ಲಿಟ್ಟುಕೊಂಡ ಭಯವನ್ನೆಲ್ಲ ಕಕ್ಕಿದರು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಬೇಕು, ನಿನ್ನ ಬಡಾಯಿಯಿಂದ ಒಂದು ಜೀವ ಹೋಗುತ್ತಿತ್ತು ಎಂದರು. ಅಷ್ಟು ದೊಡ್ಡ ಹೆಂಗಸು ಬಳೆಯ ಕೈಗಳನ್ನು ಹೊಟ್ಟೆಯ ಮೇಲೆ ಕಟ್ಟಿಕೊಂಡು ತಲೆತಗ್ಗಿಸಿ ನಿಂತು ಕೇಳಿದರು. ಬಂದವರೆಲ್ಲ ತಿರುಗಿ ಅವರನ್ನೇ ನೋಡುತ್ತಿದ್ದರು. ನನ್ನ ಕಡೆ ಯಾರೂ ನೋಡಲಿಲ್ಲ.

ಮೊದಲು ಕೈಗೆ ಚುಚ್ಚಿ, ಅಲ್ಲಿ ಕೆಂಪಾಗುತ್ತದೆಯೋ ಎಂದು ಕಾದರು. ಆಗಲಿಲ್ಲ. ಸಿಸ್ಟರ್ ಟ್ರೇ ತಂದಾಗ ಅಕ್ಕ ಮಂಚಕ್ಕೆ ಅಡ್ಡವಾಗಿ ನಿಂತು, ಸೆರಗನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದರು. ಸಿಸ್ಟರ್ ಆ ಅಕ್ಷರ ಓದಿದಳೋ ಇಲ್ಲವೋ, ಮಗ್ಗುಲಾಗು ಎಂದಳು, ಚುಚ್ಚಿದಳು, ಹತ್ತಿ ಒತ್ತಿದಳು, ಮುಂದಿನ ಮಂಚಕ್ಕೆ ಹೋದಳು. ಇಷ್ಟೇ. ಇಷ್ಟಕ್ಕೆ ನಾನು ಒಂದು ಹಗಲು ಕಳೆದಿದ್ದೆ.

ಜ್ವರ ಮರುದಿನವೇನೂ ಇಳಿಯಲಿಲ್ಲ. ತಡವಾಗಿದ್ದಕ್ಕೆ ದಂಡ ತೆರಲೇಬೇಕಾಯಿತು. ಪಕ್ಕೆಯಲ್ಲಿ ನೀರು ತುಂಬಿ, ಅದನ್ನು ಸೂಜಿ ಹಾಕಿ ತೆಗೆದು, ವಾರಗಟ್ಟಲೆ ಅಲ್ಲೇ ಬಿದ್ದಿದ್ದೆ. ಅಕ್ಕ ದಿನಾ ಗಂಜಿ ತಂದರು, ಮಗಳನ್ನು ಕಿಟಕಿಯ ಹೊರಗಿನಿಂದ ಎತ್ತಿ ತೋರಿಸಿದರು. ಮರುದಿನ ಬೆಳಿಗ್ಗೆಯೇ ತಮ್ಮದೊಂದು ನೈಟಿ ತಂದು ನನಗೆ ತೊಡಿಸಿ, ಲಂಗವನ್ನು ಚೀಲದಲ್ಲಿಟ್ಟು ಒಯ್ದರು. ಅದರ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಯಜಮಾನರು ತಂತಿ ಸಿಕ್ಕಿ ಓಡಿಬಂದರು. ನಾನು ಮನೆಗೆ ಬಂದ ದಿನ ಅಕ್ಕ ನಮ್ಮ ಬಾಗಿಲಲ್ಲಿ ನಿಂತು, "ನನ್ನ ಭಾಷೆಯಿಂದ ತಪ್ಪಾಯ್ತು, ಅದಕ್ಕೇ ಮದ್ದು ತಡ ಆದದ್ದು" ಎಂದು ಅವರಿಗೂ ಹೇಳಿದರು. ನಮ್ಮವರಿಗೆ ನಿದ್ದೆಗೆಟ್ಟ ಸಿಟ್ಟು. "ಬರ್ದೇ ಇದ್ರೆ ಬೇರೆಯವರನ್ನ ಕೇಳ್ಬೇಕಿತ್ತು ಕಣ್ರೀ" ಎಂದುಬಿಟ್ಟರು. ನಾನು ಒಳಗೆ ಮಲಗಿದ್ದೆ. ಪರದೆಯ ಈಚೆ ನನ್ನ ಬಾಯಿಗೆ ಆಗಲೂ ಬೀಗ.

ಅಲ್ಲಿಂದ ಮುಂದೆ ಚೀಲ ಬರುವುದು ನಿಂತಿತು. ಅಷ್ಟೇ ಆಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. ಕೆಳಗಿನ ಮನೆಯ ಕನ್ನಡದ ಹುಡುಗಿಗೆ ದಿನ ತುಂಬಿ, ಆಸ್ಪತ್ರೆಗೆ ಜೊತೆಗೆ ಬನ್ನಿ ಎಂದು ಅವಳ ಗಂಡ ಅಕ್ಕನನ್ನು ಕರೆದ. "ನನಗೆ ಭಾಷೆ ಬರುವುದಿಲ್ಲ, ಬೇರೆ ಯಾರನ್ನಾದ್ರೂ ಕರೀರಿ" ಎಂದು ಅಕ್ಕ ಒಳಗೆ ಹೋದರು. ತಮಾಷೆಗಲ್ಲ. ನಿಜವಾಗಿಯೂ ಬರುವುದಿಲ್ಲ ಎಂದು ಅವರಿಗೇ ಅನಿಸಿಬಿಟ್ಟಿತ್ತು. ತರಕಾರಿಯವಳ ಹತ್ತಿರವೂ ಕೊಸರಾಡುವುದನ್ನು ಬಿಟ್ಟಿದ್ದರು. ಮನೆಗಳ ಮುಂದಿನ ಉದ್ದ ಗ್ಯಾಲರಿಯಲ್ಲಿ ಆ ಗಂಟಲು ಕೇಳದೆ, ಬಿಲ್ಡಿಂಗು ಬಿಲ್ಡಿಂಗಿನ ಹಾಗೆ ಇರಲಿಲ್ಲ.

ನಾನು ಹೊಸಿಲು ದಾಟಿದೆ. ಭಾನುವಾರ. ಯಜಮಾನರು ಗ್ಯಾಲರಿಯಲ್ಲಿ ಸ್ಟೂಲು ಹಾಕಿಕೊಂಡು ಪೇಪರು ಓದುತ್ತಿದ್ದರು. ಆಚೆ ಮನೆಯ ಗಂಡಸರೂ ಇದ್ದರು. ಅಕ್ಕ ತಮ್ಮ ಬಾಗಿಲಲ್ಲಿ ಕೂತು ತೆಂಗಿನಕಾಯಿ ತುರಿಯುತ್ತಿದ್ದರು.

"ಅಕ್ಕ, ಎರಡು ಮೈದಾ ಚೀಲ ಬೇಕು" ಎಂದೆ. ಗಂಟಲು ಸರಿಮಾಡಿಕೊಂಡು, "ಲಂಗಕ್ಕೆ" ಎಂದೆ.

ಪೇಪರು ಕೆಳಗಿಳಿಯಿತು. ನಾನು ಅತ್ತ ತಿರುಗಿ, "ಪೆನ್ಸಿಲಿನ್ ಆಗಲ್ಲ ಅಂದಿದ್ದು ನಾನು ಕಣ್ರೀ. ಅವತ್ತು ಚೀಲದ ಲಂಗ ಉಟ್ಟಿದ್ದೆ, ಸಿಸ್ಟರ್ ನೋಡ್ತಾಳೆ ಅಂತ ಹಂಗಂದೆ. ಅಕ್ಕ ನಾನು ಹೇಳಿದ್ದನ್ನೇ ಹೇಳಿದ್ರು. ಅವರ ಹಿಂದಿ ಸರಿಯಾಗೇ ಇದೆ" ಎಂದೆ. ಮುಖ ಕಾದ ಕಾವಲಿಯಾಗಿತ್ತು. ಯಜಮಾನರು ಪೇಪರು ಮಡಿಸಿ, ಎದ್ದು ನಿಂತು, ಅಕ್ಕನ ಕಡೆ ನೋಡಲಾರದೆ ಒಳಗೆ ಹೋದರು.

ಅಕ್ಕ ತುರಿಮಣೆಯಿಂದ ತಲೆ ಎತ್ತಲಿಲ್ಲ. ಕಾಯಿಯ ಹೋಳನ್ನು ಒಂದು ಸುತ್ತು ಪೂರ್ತಿ ತುರಿದರು. ಆಮೇಲೆ ಮೂರನೆಯ ಮಹಡಿಗೂ ಕೇಳುವ ಆ ಹಳೇ ಗಂಟಲಲ್ಲಿ ಹೇಳಿದರು:

"ಎರಡು ಆಗುವುದಿಲ್ಲ. ಎರಡರಲ್ಲಿ ಹೊಲಿದದ್ದಕ್ಕೇ ಅಕ್ಷರ ಹಿಂದೆ ಬಂದದ್ದು. ಮೂರು ತೆಕ್ಕೊಳ್ಳಿ. ನಾನು ಉಡುವ ಲಂಗಕ್ಕೆ ನಾಲ್ಕು ಬೇಕಾಗ್ತದೆ."